ಗೇಟು ಎಷ್ಟು ಹೊತ್ತಿಗೆ ತೆಗೀತಾರೆ?

ಕಾರ್ಕಳದ ನಮ್ಮ ಚಿಕ್ಕಮ್ಮನ ಮಗಳು ಜೆರುಸಲೇಮಿನಲ್ಲಿ ಹೋಮ್ ನರ್ಸ್. ಮಂಗಳೂರು, ಉಡುಪಿ ಕಡೆಯಿಂದ ಹೀಗೆ ಇಸ್ರೇಲಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅವಳು ನೋಡಿಕೊಳ್ಳುವ ಯಹೂದಿ ಅಜ್ಜಿ, ಮೊಣಕಾಲು ಕೈಕೊಡುವ ತನಕ ವಾರಕ್ಕೊಮ್ಮೆ ಬೆಳಗಿನ ಜಾವ ಎದ್ದು ಚೆಕ್‌ಪಾಯಿಂಟಿಗೆ ಹೋಗುತ್ತಿದ್ದರಂತೆ. ಪ್ಯಾಲೆಸ್ತೀನಿಯರನ್ನು ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಸೈನಿಕರು ಹೇಗೆ ಮಾತಾಡಿಸುತ್ತಾರೆ, ಯಾರನ್ನು ವಾಪಸ್ ಕಳಿಸುತ್ತಾರೆ ಎಂದು ನೋಡಿ ಬರೆದಿಡುವುದು ಅವರ ಕೆಲಸ. ಸಂಬಳ ಇಲ್ಲ. ಯಾರೂ ಹೇಳಿ ಮಾಡಿಸಿದ್ದೂ ಅಲ್ಲ.

ತಂಗಿ ಫೋನಿನಲ್ಲಿ ಇದನ್ನು ಹೇಳಿದಾಗಿನಿಂದ ನನಗೆ ಹೋಗಿ ನೋಡಬೇಕು ಅನ್ನಿಸಿತ್ತು. 2019ರ ಅಕ್ಟೋಬರ್ ಕೊನೆಯಲ್ಲಿ ಹೋಗಿಬಂದೆ. ಆಲಿವ್ ಕೊಯ್ಲಿನ ಕಾಲ. ಆಮೇಲೆ ಅಲ್ಲಿ ಏನೇನೋ ಆಗಿಹೋಯಿತು, ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಶನಿವಾರ: ಜೆರುಸಲೇಮ್

ವಿಮಾನ, ವೀಸಾ, ಪ್ರಶ್ನೆಗಳು ಎಲ್ಲ ಮಾಮೂಲು. ಒಂದು ಮಾತ್ರ ನೆನಪಿಡಿ. ವಿಮಾನ ನಿಲ್ದಾಣದಲ್ಲಿ ಒಂದು ಸಣ್ಣ ನೀಲಿ ಚೀಟಿ ಕೊಡುತ್ತಾರೆ, ಅದು ಪಾಸ್‌ಪೋರ್ಟಿನ ಜೊತೆಗೇ ಇರಲಿ. ಪಶ್ಚಿಮ ದಂಡೆಯಿಂದ, ಅಂದರೆ ಇಸ್ರೇಲಿ ಸೈನ್ಯದ ಹಿಡಿತದಲ್ಲಿರುವ ಪ್ಯಾಲೆಸ್ತೀನಿಯರ ನೆಲದಿಂದ, ವಾಪಸ್ ಬರುವಾಗ ಪ್ರತಿ ಸಲವೂ ಬೇಕಾಗುತ್ತದೆ.

ಶನಿವಾರ ಸಬ್ಬತ್. ಯಹೂದಿಗಳ ಕಡೆ ಬಸ್ಸು, ಅಂಗಡಿ ಎಲ್ಲ ಬಂದ್. ತಂಗಿಗೆ ವಾರದ ರಜೆಯೂ ಅವತ್ತೇ. ಆದರೂ ನನಗೋಸ್ಕರ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು.

ಅಜ್ಜಿ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದರು. ಕಪಾಟಿನ ಕೆಳಗಿನ ಅರೆಯಿಂದ ಸಣ್ಣ ಸಣ್ಣ ನೋಟ್‌ಬುಕ್ಕುಗಳನ್ನು ತೆಗೆಸಿದರು. ಹೀಬ್ರೂ ನನಗೆ ಬರುವುದಿಲ್ಲ, ಆದರೆ ಅಂಕಿಗಳು ಕಾಣುತ್ತವಲ್ಲ. 5.10, 5.25, 6.40. ಪುಟದ ಉದ್ದಕ್ಕೂ ಬರೀ ಸಮಯ. ನಡುನಡುವೆ ಎರಡು ಸಾಲು ಬರಹ.

ಅವರ ಸಂಘಟನೆಯ ಹೆಸರು ಮಖ್ಸೋಮ್ ವಾಚ್. ಮಖ್ಸೋಮ್ ಅಂದರೆ ಚೆಕ್‌ಪಾಯಿಂಟ್. 2001ರ ಆರಂಭದಲ್ಲಿ ರೋನಿ ಯೇಗರ್, ಯೆಹುದಿತ್ ಕೆಶೆತ್, ಅದಿ ಕುಂಟ್ಸ್‌ಮನ್ ಎಂಬ ಮೂವರು ಮಹಿಳೆಯರು ಶುರುಮಾಡಿದ್ದು. ಇದರಲ್ಲಿ ಇಸ್ರೇಲಿ ಹೆಂಗಸರು ಮಾತ್ರ ಇರುತ್ತಾರೆ, ಅವರಲ್ಲೂ ಜಾಸ್ತಿ ಜನ ನಿವೃತ್ತರು. ಎರಡನೇ ಇಂತಿಫಾದ, ಅಂದರೆ ಇಸ್ರೇಲಿನ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಆಗ ತಾನೇ ಶುರುವಾಗಿತ್ತು. ಇಸ್ರೇಲಿನ ಬಸ್ಸು, ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿಯುತ್ತಿದ್ದ ವರ್ಷಗಳು ಅವು. ಜನ ಬಸ್ಸು ಹತ್ತಲು ಹೆದರುತ್ತಿದ್ದರು. ಸೈನ್ಯ ಪಶ್ಚಿಮ ದಂಡೆಯ ತುಂಬಾ ಚೆಕ್‌ಪಾಯಿಂಟ್, ಮಣ್ಣಿನ ದಿಬ್ಬ, ಕಬ್ಬಿಣದ ಗೇಟು ಹಾಕಿತು. 2002ರಲ್ಲಿ ಗೋಡೆ ಕಟ್ಟಲು ಶುರುಮಾಡಿತು. ಯೋಜನೆಯ ಉದ್ದ ಸುಮಾರು 700 ಕಿ.ಮೀ. ಅದರ ಬಹುಪಾಲು ಗಡಿಗುಂಟ ಹೋಗುವುದಿಲ್ಲ, ಪ್ಯಾಲೆಸ್ತೀನಿಯರ ನೆಲದ ಒಳಗೇ ಹೋಗುತ್ತದೆ. ಇದು ಕಾನೂನಿಗೆ ವಿರುದ್ಧ ಎಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2004ರ ಜುಲೈನಲ್ಲಿ ಅಭಿಪ್ರಾಯ ಕೊಟ್ಟಿತು.

"ನನ್ನ ಮೊಮ್ಮಗನೂ ಆಗ ಸೈನ್ಯದಲ್ಲಿದ್ದ. ಬಾಂಬಿಗೆ ನಾನೂ ಹೆದರಿದ್ದೆ. ಆದರೆ ಈ ಗೇಟುಗಳು ಜಾಸ್ತಿ ಇರುವುದು ಅವರ ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ. ನನ್ನ ಮನೆ ಬಾಗಿಲಲ್ಲಿ ಅಲ್ಲ" ಎಂದರು ಅಜ್ಜಿ.

ಹೊರಡುವಾಗ ತಂಗಿಗೆ ಹೇಳಿ ಡಬ್ಬಿಯಲ್ಲಿ ಕೇಕು ಹಾಕಿಸಿ ಕೊಟ್ಟರು. ಬುಧವಾರ ತಮ್ಮ ಗೆಳತಿಯ ಕಾರಿನಲ್ಲಿ ಒಂದು ರೈತರ ಗೇಟಿಗೆ ಹೋಗುವ ಏರ್ಪಾಡನ್ನೂ ಮಾಡಿದರು.

ಸಂಜೆ ಡಮಾಸ್ಕಸ್ ಗೇಟಿನ ಹತ್ತಿರ 231ನೇ ನಂಬರಿನ ಬಸ್ಸು ಹತ್ತಿದೆ. ಸಬ್ಬತ್ ದಿನವೂ ಅರಬ್ ಬಸ್ಸುಗಳು ಓಡುತ್ತವೆ. ಪಶ್ಚಿಮ ದಂಡೆಯ ಬೆತ್ಲೆಹೇಮಿಗೆ ಹತ್ತು ಕಿ.ಮೀ. ಕೂಡ ಇಲ್ಲ. ಹೋಗುವಾಗ ಯಾರೂ ಕೇಳಲಿಲ್ಲ. ಕೇಳುವುದೆಲ್ಲ ಬರುವಾಗ.

ಭಾನುವಾರ: ಬೆತ್ಲೆಹೇಮ್, ಚೆಕ್‌ಪಾಯಿಂಟ್ 300

ಇಸ್ರೇಲಿನಲ್ಲಿ ವಾರ ಶುರುವಾಗುವುದು ಭಾನುವಾರ. ಹಾಗಾಗಿ ಬೆತ್ಲೆಹೇಮಿನಿಂದ ಜೆರುಸಲೇಮಿಗೆ ದಾಟುವ 300ನೇ ಚೆಕ್‌ಪಾಯಿಂಟಿನಲ್ಲಿ ಅವತ್ತೇ ಜನ ಜಾಸ್ತಿ ಇರುತ್ತಿದ್ದರು. ಬೆಳಗಿನ ಜಾವ ಮೂರೂವರೆಗೆ ಗೆಸ್ಟ್‌ಹೌಸಿನಿಂದ ಹೊರಟೆ. ಚಳಿ ಇತ್ತು. ಶಾಲು ಸಾಲಲಿಲ್ಲ.

ಗೋಡೆ ಅಲ್ಲಿ ಎಂಟು ಮೀಟರ್ ಎತ್ತರ. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಕಬ್ಬಿಣದ ಸರಳುಗಳ ಉದ್ದನೆಯ ಓಣಿ. ಮೇಲೆ ತಗಡು, ಎರಡೂ ಕಡೆ ಸರಳು. ಅದರೊಳಗೆ ಗಂಡಸರು. ಹೆಬ್ರೋನ್ ಕಡೆಯ ಹಳ್ಳಿಗಳಿಂದ ಎರಡು ಗಂಟೆಗೇ ಎದ್ದು ಬಂದವರು. ಜೆರುಸಲೇಮಿನಲ್ಲಿ ಗಾರೆ ಕೆಲಸ, ಟೈಲ್ಸ್ ಕೆಲಸ, ಪೇಂಟಿಂಗ್. ಕೆಲಸ ಶುರುವಾಗುವುದು ಏಳಕ್ಕೆ. ನಾಲ್ಕಕ್ಕೇ ಯಾಕೆ ಬಂದಿರಿ ಎಂದು ಒಬ್ಬರನ್ನು ಕೇಳಿದೆ.

"ಇವತ್ತು ಇಪ್ಪತ್ತು ನಿಮಿಷಕ್ಕೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಮೇಸ್ತ್ರಿಯ ವ್ಯಾನು ಆರೂಕಾಲಿಗೆ ಹೊರಡುತ್ತದೆ. ಯಾರಿಗೂ ಕಾಯುವುದಿಲ್ಲ" ಎಂದರು.

ಓಣಿಯ ಹೊರಗೆ ಗಾಡಿಗಳಲ್ಲಿ ಕಾಫಿ, ಎಳ್ಳು ಮೆತ್ತಿದ ದೊಡ್ಡ ಬಳೆಯಂಥ ರೊಟ್ಟಿ. ಅದಕ್ಕೆ ಕಆಕ್ ಎನ್ನುತ್ತಾರೆ. ಜೊತೆಗೆ ಕಾಗದದಲ್ಲಿ ಕಟ್ಟಿದ ಜಾತರ್ ಪುಡಿ, ಬೇಯಿಸಿದ ಮೊಟ್ಟೆ. ರೊಟ್ಟಿ ಬಿಸಿಯಾಗಿತ್ತು. ಏಲಕ್ಕಿ ಹಾಕಿದ ಕಾಫಿ ಕುಡಿದ ಮೇಲೆ ಸ್ವಲ್ಪ ಜೀವ ಬಂತು.

ಅಲ್ಲೇ ಇದ್ದರು ಇಬ್ಬರು ವೀಕ್ಷಕರು, ಖಾಕಿ ಬಣ್ಣದ ಜಾಕೆಟ್ ಹಾಕಿಕೊಂಡು. ಇವರು ಚರ್ಚುಗಳ ವಿಶ್ವ ಮಂಡಳಿ 2002ರಲ್ಲಿ ಶುರುಮಾಡಿದ ಕಾರ್ಯಕ್ರಮದವರು. ಬೇರೆ ಬೇರೆ ದೇಶದವರು ಬಂದು ಮೂರು ತಿಂಗಳು ಇದ್ದು ಹೋಗುತ್ತಾರೆ. ಜೆರುಸಲೇಮಿನ ಚರ್ಚುಗಳ ಮುಖ್ಯಸ್ಥರೇ ಹೀಗೆ ಯಾರಾದರೂ ಬನ್ನಿ ಎಂದು ಕರೆ ಕೊಟ್ಟಿದ್ದರು. ಅವತ್ತು ಇದ್ದವರಲ್ಲಿ ಒಬ್ಬರು ಬ್ರೆಜಿಲಿನ ಶಾಲಾ ಶಿಕ್ಷಕಿ, ಇನ್ನೊಬ್ಬರು ಸ್ವೀಡನ್ನಿನ ನಿವೃತ್ತ ವೈದ್ಯರು.

ಶಿಕ್ಷಕಿಯ ಕೈಯಲ್ಲಿ ಎಣಿಸುವ ಸಣ್ಣ ಯಂತ್ರ. ಒಬ್ಬರು ದಾಟಿದರೆ ಒಂದು ಸಲ ಒತ್ತುವುದು. ಟಿಕ್, ಟಿಕ್, ಟಿಕ್. ಅರ್ಧ ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳುತ್ತಾರೆ. ವೈದ್ಯರು ಸಾಲಿನ ತುದಿಯಲ್ಲಿ ನಿಂತವರೊಬ್ಬರ ಕೆಂಪು ಟೋಪಿ ಗುರುತಿಟ್ಟುಕೊಂಡು ಸಮಯ ಬರೆದರು. ಆ ಟೋಪಿ ಒಳಗಿನ ಗೇಟು ದಾಟಿದಾಗ ಮತ್ತೆ ಬರೆದರು. ಎಷ್ಟು ಬಾಗಿಲು ತೆರೆದಿವೆ, ಎಷ್ಟು ಮುಚ್ಚಿವೆ ಎಂದೂ ಬರೆಯುತ್ತಾರೆ. ಹೆಂಗಸರು, ವಯಸ್ಸಾದವರು, ರೋಗಿಗಳಿಗೆ ಬೇರೆ ಗೇಟು ಇದೆ. ಅದನ್ನು ತೆರೆಯದೇ ಇದ್ದರೆ ಸೈನ್ಯದ ಸಹಾಯವಾಣಿಗೆ ಫೋನು ಮಾಡುತ್ತಾರೆ. ಅವತ್ತೂ ಮಾಡಿದರು. ಮೊದಲ ಸಲ ಯಾರೂ ಎತ್ತಲಿಲ್ಲ. ಆಮೇಲೆ ಎತ್ತಿ "ನೋಡುತ್ತೇವೆ" ಎಂದರು. ಸ್ವಲ್ಪ ಹೊತ್ತಿಗೆ ಗೇಟು ತೆರೆಯಿತು. ಫೋನಿನಿಂದ ತೆರೆಯಿತೋ ತಾನಾಗೇ ತೆರೆಯಿತೋ ಹೇಳಲು ಬರುವುದಿಲ್ಲ ಎಂದರು ವೈದ್ಯರು. ಬರೆದದ್ದು ಮಾತ್ರ ಇಷ್ಟು: ಎಷ್ಟು ಗಂಟೆಗೆ ಫೋನು, ಎಷ್ಟು ಗಂಟೆಗೆ ಗೇಟು.

ನಾನೂ ಸಾಲಿನಲ್ಲಿ ಹೋದೆ. ಆಳೆತ್ತರದ ತಿರುಗುವ ಗೇಟಿನಲ್ಲಿ ನನ್ನ ಬ್ಯಾಗು ಸಿಕ್ಕಿಕೊಂಡಿತು. ಅಷ್ಟರಲ್ಲಿ ಒಳಗೆ ಕೂತ ಯಾರೋ ಗೇಟು ಲಾಕ್ ಮಾಡಿದರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬೆನ್ನಿಗೆ ಸರಳು ಒತ್ತುತ್ತಿತ್ತು. ಹಿಂದಿದ್ದ ಹುಡುಗ ಏನೂ ಮಾತಾಡದೆ ಬ್ಯಾಗಿನ ಪಟ್ಟಿಯನ್ನು ಸಡಿಲಿಸಿ ಮೇಲಕ್ಕೆತ್ತಿ ಹಿಡಿದ. ಹಸಿರು ದೀಪ ಬರುವ ತನಕ ಹಾಗೇ ಹಿಡಿದುಕೊಂಡಿದ್ದ. ಅವನ ಇನ್ನೊಂದು ಕೈಯಲ್ಲಿ ಅವನದೇ ಬೆಲ್ಟು, ಊಟದ ಪ್ಲಾಸ್ಟಿಕ್ ಚೀಲ, ಬಾಯಲ್ಲಿ ಕಚ್ಚಿಕೊಂಡ, ಆಚೆ ಕೆಲಸಕ್ಕೆ ಹೋಗಲು ಇಸ್ರೇಲ್ ಕೊಡುವ ಪರ್ಮಿಟ್ ಕಾರ್ಡು. ಲೋಹ ಪತ್ತೆ ಯಂತ್ರಕ್ಕೆ ಬೆಲ್ಟು ಬಿಚ್ಚಲೇಬೇಕು. ಅಷ್ಟೂ ಗಂಡಸರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಮುಂದೆ ಹೋಗುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಒಳಗೆ ಹೊಸ ಯಂತ್ರಗಳು ಬಂದಿವೆ. ಕಾರ್ಡು ಇಟ್ಟು ಕ್ಯಾಮೆರಾ ನೋಡಿದರೆ ಗಾಜಿನ ಬಾಗಿಲು ತೆರೆಯುತ್ತದೆ. ಆ ಹಂತ ಬೇಗ ಮುಗಿಯುತ್ತದೆ. ಆಚೆ ಜೆರುಸಲೇಮಿನ ಕಡೆ ರಸ್ತೆ ಬದಿಯಲ್ಲಿ ವ್ಯಾನುಗಳಿಗೆ ಕಾಯುತ್ತಾ ರಟ್ಟು ಹಾಸಿಕೊಂಡು ಮಲಗಿದವರು, ನಮಾಜು ಮಾಡುವವರು. ಬೇಗ ದಾಟಿದವರಿಗೆ ಇಲ್ಲಿ ಒಂದೂವರೆ ಗಂಟೆ ಕಾಯುವುದಿದೆ.

ಬೆಳಿಗ್ಗೆ ವಾಪಸ್ ಬೆತ್ಲೆಹೇಮಿಗೆ ಬಂದು ಮಲಗಿದೆ. ಮಧ್ಯಾಹ್ನ ಯೇಸು ಹುಟ್ಟಿದ ಚರ್ಚು ನೋಡಿದೆ. ಬಾಗಿ ಒಳಗೆ ಹೋಗುವ ಸಣ್ಣ ಬಾಗಿಲು, ಪ್ರವಾಸಿಗಳ ಸಾಲು. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಸೋಮವಾರ: ಹೆಬ್ರೋನ್

ಹಳದಿ ಬಣ್ಣದ ಶೇರ್ ಟ್ಯಾಕ್ಸಿಗೆ ಇಲ್ಲಿ ಸರ್ವೀಸ್ ಎನ್ನುತ್ತಾರೆ. ಏಳು ಜನ ತುಂಬಿದ ಮೇಲೆ ಹೊರಡುತ್ತದೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟ. ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಹೊಲಗಳು, ಕೆಂಪು ಮಣ್ಣು. ಗುಡ್ಡದ ತುದಿಯಲ್ಲಿ ಕೆಂಪು ಹೆಂಚಿನ ಇಸ್ರೇಲಿ ವಸಾಹತುಗಳು, ಅಂದರೆ ಪ್ಯಾಲೆಸ್ತೀನಿಯರ ನೆಲದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ಊರುಗಳು. ಪಕ್ಕದಲ್ಲಿದ್ದವರು ಚೀಲದಿಂದ ಒಂದು ಗೊಂಚಲು ದ್ರಾಕ್ಷಿ ತೆಗೆದು ನನ್ನ ಮಡಿಲಿಗೇ ಹಾಕಿದರು.

ಹೆಬ್ರೋನ್ ಊರನ್ನು 1997ರಲ್ಲಿ ಒಪ್ಪಂದ ಮಾಡಿ ಎರಡು ಭಾಗ ಮಾಡಿದ್ದಾರೆ. ನೂರಕ್ಕೆ 80 ಭಾಗ ಪ್ಯಾಲೆಸ್ತೀನಿಯರ ಆಡಳಿತ, 20 ಭಾಗ ಇಸ್ರೇಲಿ ಸೈನ್ಯ. ಆ 20 ಭಾಗದಲ್ಲಿ ಸಾವಿರಾರು ಪ್ಯಾಲೆಸ್ತೀನಿಯರು, ನಡುವೆ ಕೆಲವೇ ನೂರು ಯಹೂದಿ ವಸಾಹತುಗಾರರು. ಎರಡೂ ಕಡೆಯವರಿಗೆ ಇಲ್ಲಿ ರಕ್ತದ ನೆನಪಿದೆ. 1929ರಲ್ಲಿ 67 ಯಹೂದಿಗಳನ್ನು ಇಲ್ಲಿ ಕೊಂದರು. 1994ರ ಫೆಬ್ರುವರಿ 25ರಂದು ಬರೂಖ್ ಗೋಲ್ಡ್‌ಸ್ಟೈನ್ ಎಂಬ ವಸಾಹತುಗಾರ ಇಬ್ರಾಹಿಮಿ ಮಸೀದಿಯಲ್ಲಿ ನಮಾಜಿಗೆ ಬಗ್ಗಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಆಮೇಲೆ ಶುಹದಾ ರಸ್ತೆಯ ಅಂಗಡಿಗಳನ್ನು ಮುಚ್ಚಿಸಲು ಶುರುವಾಯಿತು. ಕೊಂದದ್ದು ಒಬ್ಬ, ಬಾಗಿಲು ಮುಚ್ಚಿದ್ದು ಸತ್ತವರ ಕಡೆಯವರದು. ಇದು ನನಗೆ ಈಗಲೂ ನುಂಗಲಾಗದ ವಿಷಯ.

56ನೇ ಚೆಕ್‌ಪಾಯಿಂಟ್ ದಾಟಿದರೆ ಆ ರಸ್ತೆ. ಹಸಿರು ಬಾಗಿಲುಗಳಿಗೆ ವೆಲ್ಡಿಂಗ್ ಮಾಡಿದ್ದಾರೆ. ಜನ ಇಲ್ಲ. ಒಂದು ಕಾಲದಲ್ಲಿ ಊರಿನ ದೊಡ್ಡ ಪೇಟೆ ಇದು. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಬಂದರು. ಇಲ್ಲಿನ ಕುರ್ತುಬಾ ಶಾಲೆಗೆ ಹೋಗುವ ಮಕ್ಕಳಲ್ಲಿ ಎಷ್ಟೋ ಜನ ದಿನಾ ಚೆಕ್‌ಪಾಯಿಂಟ್ ದಾಟಬೇಕು. ಬ್ಯಾಗು ತೆಗೆದು ತೋರಿಸಬೇಕು. ಒಬ್ಬ ಹುಡುಗಿ ಜಾಮೆಟ್ರಿ ಬಾಕ್ಸಿನ ಕಂಪಾಸು ತೆಗೆದು ತಾನಾಗೇ ಸೈನಿಕನ ಮುಂದೆ ಇಟ್ಟಳು. ಅವನು ನೋಡಿ ವಾಪಸ್ ಕೊಟ್ಟ. ಇಬ್ಬರಿಗೂ ಅದು ಅಭ್ಯಾಸವಾಗಿಹೋಗಿತ್ತು.

ಕೆಂಪು ಟೋಪಿ ಹಾಕಿದ ಇಬ್ಬರು ಬದಿಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು. ಇವರು ಕ್ರಿಶ್ಚಿಯನ್ ಪೀಸ್‌ಮೇಕರ್ ಟೀಮ್ಸ್ ಎಂದು ಆಗ ಹೆಸರಿದ್ದ ಗುಂಪಿನವರು, 1995ರಿಂದ ಇಲ್ಲಿದ್ದಾರೆ. ಎಷ್ಟು ಮಕ್ಕಳು ದಾಟಿದರು, ಎಷ್ಟು ಬ್ಯಾಗು ತೆಗೆಸಿದರು, ಯಾವ ಶಿಕ್ಷಕರನ್ನು ನಿಲ್ಲಿಸಿದರು ಎಂಬ ಲೆಕ್ಕ. ಆ ವರ್ಷ ಅವರ ಕೆಲಸ ಜಾಸ್ತಿಯಾಗಿತ್ತು. ಯಾಕೆಂದರೆ ನಾರ್ವೆ, ಇಟಲಿ, ಟರ್ಕಿ ಮುಂತಾದ ದೇಶಗಳು ಸೇರಿ ಕಳಿಸುತ್ತಿದ್ದ ಅಧಿಕೃತ ವೀಕ್ಷಕರ ತಂಡವನ್ನು ಇಸ್ರೇಲಿನ ಪ್ರಧಾನಿ ನೆತನ್ಯಾಹು 2019ರ ಜನವರಿಯಲ್ಲಿ ಮುಂದುವರಿಸಲಿಲ್ಲ. ಖಾಕಿ ಜಾಕೆಟಿನವರೂ ವಸಾಹತುಗಾರರ ಕಾಟ ತಾಳಲಾರದೆ ಅದೇ ತಿಂಗಳು ಹೆಬ್ರೋನ್ ಬಿಟ್ಟರು. ನೋಡುವವರು ಕಡಿಮೆಯಾದ ಮೇಲೆ ಊರಿನ ಯುವಕರೇ ಮಕ್ಕಳ ಜೊತೆ ನಡೆದುಕೊಂಡು ಹೋಗಲು ಶುರುಮಾಡಿದ್ದರು.

ಅಷ್ಟರಲ್ಲಿ ಮಳೆ ಬಂತು. ಆ ವರ್ಷದ ಮೊದಲ ಮಳೆಗಳಲ್ಲಿ ಒಂದು. ಹಳೇ ಪೇಟೆಯ ಒಂದು ಅಂಗಡಿಯೊಳಗೆ ಓಡಿದೆ. ಓಣಿಯ ಮೇಲೆ ಕಟ್ಟಿದ ಜಾಲರಿಯಲ್ಲಿ ಮೇಲಿನ ಮನೆಗಳಿಂದ ವಸಾಹತುಗಾರರು ಎಸೆದ ಬಾಟಲಿ, ಕಸ ಸಿಕ್ಕಿಕೊಂಡಿತ್ತು. ಮಳೆ ನೀರು ಅದರಿಂದ ಇಳಿದು ಕಪ್ಪಗೆ ಸುರಿಯುತ್ತಿತ್ತು. ಅಂಗಡಿಯವರು ಕಸೂತಿ ಬಟ್ಟೆಗಳ ಮೇಲೆ ಪ್ಲಾಸ್ಟಿಕ್ ಎಳೆದು ಚಹಾ ಮಾಡಿದರು. ಮರಮಿಯಾ ಎಂಬ ಸೊಪ್ಪು ಹಾಕಿದ, ಸಕ್ಕರೆ ಜಾಸ್ತಿಯಾದ ಚಹಾ.

"ಮಳೆ ಬಂದರೆ ಆಲಿವಿಗೆ ಒಳ್ಳೇದು. ದೂಳು ತೊಳೆದುಹೋಗುತ್ತದೆ" ಎಂದರು. ಅಂಗಡಿಯಲ್ಲಿ ಇದ್ದಷ್ಟು ಹೊತ್ತೂ ಬೇರೆ ಗಿರಾಕಿ ಬರಲಿಲ್ಲ. ಒಂದು ದಿಂಬಿನ ಕವರು ಕೊಂಡೆ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಹೋಗುವವರಿಗೂ ಅದನ್ನೇ ಹೇಳುತ್ತೇನೆ, ಈ ಓಣಿಯಲ್ಲಿ ಏನಾದರೂ ಕೊಳ್ಳಿ.

ಮಂಗಳವಾರ: ವಾದಿ ನಾರ್, ರಾಮಲ್ಲಾ, ಕಲಂದಿಯಾ

ಬೆತ್ಲೆಹೇಮಿನಿಂದ ರಾಮಲ್ಲಾಕ್ಕೆ ನೇರ ದಾರಿ ಜೆರುಸಲೇಮಿನ ಮೂಲಕ. ಪರ್ಮಿಟ್ ಇಲ್ಲದ ಪ್ಯಾಲೆಸ್ತೀನಿಯರಿಗೆ ಅದಿಲ್ಲ. ಅವರು ಪೂರ್ವಕ್ಕೆ ಸುತ್ತು ಹಾಕಿ ವಾದಿ ನಾರ್ ಕಣಿವೆಗೆ ಇಳಿದು ಹತ್ತಬೇಕು. ನಾನೂ ಸರ್ವೀಸ್ ಹತ್ತಿದೆ. ಆ ರಸ್ತೆ ನಮ್ಮ ಆಗುಂಬೆಯ ತಿರುವುಗಳ ಹಾಗಿದೆ, ಆದರೆ ಒಂದು ಮರವೂ ಇಲ್ಲ. ಬೋಳು ಗುಡ್ಡ, ಬಿಳಿ ಬಿಸಿಲು. ಕೆಳಗೆ ಎಲ್ಲೋ ಮೇಕೆ ಹಿಂಡು.

ಈ ದಾರಿಯಲ್ಲಿ ಸಿಗುವುದು ಕಂಟೇನರ್ ಎಂಬ ಚೆಕ್‌ಪಾಯಿಂಟ್. ಪಶ್ಚಿಮ ದಂಡೆಯ ದಕ್ಷಿಣ ಭಾಗಕ್ಕೂ ಉತ್ತರ ಭಾಗಕ್ಕೂ ನಡುವಿನ ಕುತ್ತಿಗೆ ಇದು. ಎರಡೂ ಕಡೆ ಪ್ಯಾಲೆಸ್ತೀನೇ. ಇದನ್ನು ಮುಚ್ಚಿದರೆ ಅರ್ಧ ನಾಡು ಇನ್ನರ್ಧಕ್ಕೆ ಹೋಗುವ ಹಾಗಿಲ್ಲ.

ಚಾಲಕರು ಫೋನನ್ನು ಸ್ಟೀರಿಂಗ್ ಪಕ್ಕ ಸಿಕ್ಕಿಸಿಕೊಂಡಿದ್ದರು. ಫೇಸ್‌ಬುಕ್ ಗುಂಪುಗಳಲ್ಲಿ ಜನ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ. ಕಂಟೇನರ್ ಹೇಗಿದೆ? ಕಲಂದಿಯಾ ಹೇಗಿದೆ? ಹುವಾರಾ ಹೇಗಿದೆ? ಯಾರೋ ಉತ್ತರಿಸುತ್ತಾರೆ: ಖಾಲಿ, ಜಾಮ್, ಮುಚ್ಚಿದೆ. ವೀಕ್ಷಕರು ಬರೆಯುವುದನ್ನೇ ಇವರೂ ಬರೆಯುತ್ತಾರೆ ಅನ್ನಿಸಿತು.

ನಾವು ಮುಟ್ಟಿದಾಗ ಸಾಲು ನಿಂತುಬಿಟ್ಟಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಎಂಜಿನ್ ಆಫ್ ಮಾಡಿದರು. ನನ್ನ ಮುಂದಿನ ಸೀಟಿನಲ್ಲಿ ಬೀರ್‌ಜೇತ್ ವಿಶ್ವವಿದ್ಯಾಲಯದ ಹುಡುಗಿ, ಹನ್ನೊಂದಕ್ಕೆ ಪರೀಕ್ಷೆ. ಮನೆಯಿಂದ ಏಳಕ್ಕೆ ಹೊರಟಿದ್ದಳಂತೆ. ಮೊದಲು ನೋಟ್ಸ್ ಓದುತ್ತಿದ್ದಳು. ಆಮೇಲೆ ಮುಚ್ಚಿಟ್ಟು ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಚಾಲಕರು ಅವಳನ್ನು "ಅಮ್ಮಾ" ಎನ್ನುವಷ್ಟೇ ಅಕ್ಕರೆಯಿಂದ ಮಾತಾಡಿಸಿ, ಹೇಗಾದರೂ ಮಾಡಿ ಮುಟ್ಟಿಸುತ್ತೇನೆ ಎಂದರು. ಒಂದು ಹುಡುಗ ಸಾಲಿನ ಪಕ್ಕದಲ್ಲಿ ನೀರಿನ ಬಾಟಲಿ ಮಾರುತ್ತಾ ಬಂದ. ಐವತ್ತು ನಿಮಿಷ ಆದ ಮೇಲೆ ಸಾಲು ಒಮ್ಮೆಲೇ ಸರಿಯಿತು. ನಮ್ಮನ್ನು ಯಾರೂ ತಡೆಯಲಿಲ್ಲ, ಕಾಗದ ಕೇಳಲಿಲ್ಲ. ಸೈನಿಕ ಕೈ ಬೀಸಿದ, ಹೋದೆವು. ಆಗ ನನಗೆ ಸಿಟ್ಟು ಬಂತು. ತಪಾಸಣೆ ಮಾಡಿದ್ದರೆ ಅದಕ್ಕೊಂದು ಕಾರಣ ಇತ್ತು ಅಂದುಕೊಳ್ಳಬಹುದಿತ್ತು, ಅಲ್ವಾ?

ರಾಮಲ್ಲಾದ ನಿಲ್ದಾಣದಲ್ಲಿ ಹುಡುಗಿ ಇಳಿದು ಇನ್ನೊಂದು ಸರ್ವೀಸಿನ ಕಡೆ ಓಡಿದಳು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಮುಟ್ಟಿದಳೋ ಇಲ್ಲವೋ ಗೊತ್ತಾಗಲಿಲ್ಲ.

ರಾಮಲ್ಲಾದಲ್ಲಿ ಮುಸಖ್ಖನ್ ತಿಂದೆ. ದಪ್ಪ ರೊಟ್ಟಿಯ ಮೇಲೆ ಹೊಸ ಆಲಿವ್ ಎಣ್ಣೆಯಲ್ಲಿ ಬಾಡಿಸಿದ ರಾಶಿ ಈರುಳ್ಳಿ, ಹುಳಿಹುಳಿಯಾದ ಸುಮಾಕ್ ಪುಡಿ, ಅದರ ಮೇಲೆ ಕೋಳಿ. ರೊಟ್ಟಿ ಎಣ್ಣೆ ಕುಡಿದು ಮೆತ್ತಗಾಗಿರುತ್ತದೆ. ಕೈಯಲ್ಲೇ ತಿನ್ನಬೇಕು. ಇಡೀ ಪ್ರವಾಸದಲ್ಲಿ ಇಷ್ಟು ರುಚಿಯಾದದ್ದು ಬೇರೆ ಸಿಗಲಿಲ್ಲ.

ಸಂಜೆ 218ನೇ ಬಸ್ಸಿನಲ್ಲಿ ಜೆರುಸಲೇಮಿಗೆ. ನಡುವೆ ಕಲಂದಿಯಾ. ಗೋಡೆಯ ಮೇಲೆ ಪ್ಯಾಲೆಸ್ತೀನಿ ನಾಯಕರಾದ ಅರಾಫತ್ ಮತ್ತು ಮರ್ವಾನ್ ಬರ್ಗೂತಿಯ ದೊಡ್ಡ ಚಿತ್ರಗಳು, ಟೈರು ಸುಟ್ಟ ಮಸಿ. ಬಸ್ಸಿನ ಜನ ಇಳಿದರು, ನಾನೂ ಅವರ ಜೊತೆಗೇ ಇಳಿದು ಒಳಗೆ ಹೋದೆ. ಅಜ್ಜಿ ನಿಲ್ಲುತ್ತಿದ್ದ ಜಾಗ ಇದೇ. ಆಗ ತುಕ್ಕು ಹಿಡಿದ ಪಂಜರಗಳಿದ್ದವು, ಬೆಳಗಿನ ಜಾವ ಜನ ಒಬ್ಬರ ಮೇಲೊಬ್ಬರು ಹತ್ತುತ್ತಿದ್ದರಂತೆ. 2019ರಲ್ಲಿ ಹೊಸ ಟರ್ಮಿನಲ್ ಆಗಿದೆ. ಗಾಜು, ಬೆಳಕು, ಸ್ವಚ್ಛ ನೆಲ. ಹತ್ತೇ ನಿಮಿಷದಲ್ಲಿ ಆಚೆ ಬಂದೆವು.

ರಾತ್ರಿ ಅಜ್ಜಿಗೆ ಇದನ್ನು ಹೇಳಿದೆ. ಅವರು ತಲೆಯಾಡಿಸಿದರು. "ಈಗ ಬಂದವರು ಸಾಲಿಲ್ಲ, ಸಮಸ್ಯೆ ಮುಗಿಯಿತು ಅನ್ನುತ್ತಾರೆ. ಪರ್ಮಿಟ್ ಸಿಗದವನು ಸಾಲಿಗೇ ಬರುವುದಿಲ್ಲ. ಅವನನ್ನು ಎಣಿಸುವುದು ಹೇಗೆ?"

ಅದಕ್ಕೇ ಅಜ್ಜಿಯ ಸಂಘಟನೆಯವರಲ್ಲಿ ಕೆಲವರು ಬೇರೆ ಕೆಲಸ ಹಿಡಿದಿದ್ದಾರೆ. ಭದ್ರತಾ ಇಲಾಖೆ ಕಾರಣ ಹೇಳದೆ ಸಾವಿರಾರು ಜನರನ್ನು ಕಪ್ಪು ಪಟ್ಟಿಗೆ ಸೇರಿಸಿ ಪರ್ಮಿಟ್ ನಿಲ್ಲಿಸುತ್ತದೆ. ಆ ಪಟ್ಟಿಯಿಂದ ಹೆಸರು ತೆಗೆಸಲು ಅರ್ಜಿ ಬರೆದುಕೊಡುವುದು, ಮೇಲ್ಮನವಿ ಹಾಕಿಸುವುದು. ನೀವು ಅಲ್ಲಿ ನಿಲ್ಲುವುದರಿಂದ ಚೆಕ್‌ಪಾಯಿಂಟಿಗೇ ಮರ್ಯಾದೆ ಬರುತ್ತದೆ, ಅದು ಸುಸೂತ್ರವಾಗಿ ನಡೆಯಲು ನೀವೇ ಸಹಾಯ ಮಾಡುತ್ತೀರಿ ಎಂಬ ಟೀಕೆಯೂ ಇದೆಯಂತೆ. ಅಜ್ಜಿ ಅದನ್ನು ಮುಚ್ಚಿಡಲಿಲ್ಲ. ನನಗೂ ಆ ಟೀಕೆಯಲ್ಲಿ ಹುರುಳಿದೆ ಅನ್ನಿಸಿತು. ಆದರೆ ನಿಂತ ಜನರಿಗೆ ಇನ್ನೊಬ್ಬರು ತಮ್ಮ ಕಡೆ ನೋಡುತ್ತಿದ್ದಾರೆ ಎಂಬುದು ಬೇಕಾಗಿತ್ತು. ಅದನ್ನು ನಾನು 300ರಲ್ಲಿ ಕಣ್ಣಾರೆ ಕಂಡಿದ್ದೆ. ಎಷ್ಟೋ ಜನ ಸರಳಿನ ಒಳಗಿಂದ ಶಿಕ್ಷಕಿಗೆ "ಬರ್ಕೊಳ್ಳಿ, ಬರ್ಕೊಳ್ಳಿ" ಎಂದು ಕೂಗಿ ಹೇಳುತ್ತಿದ್ದರು.

ಬುಧವಾರ: ಹಬ್ಲಾ ಗೇಟು

ನಾಲ್ಕೂವರೆಗೆ ಅಜ್ಜಿಯ ಗೆಳತಿ ಕಾರು ತಂದರು. ಎಪ್ಪತ್ತು ದಾಟಿದ ಹೆಂಗಸು, ಕತ್ತಲಲ್ಲಿ ಹೆದ್ದಾರಿಯಲ್ಲಿ ಸಲೀಸಾಗಿ ಓಡಿಸಿದರು. ಥರ್ಮಾಸಿನಲ್ಲಿ ಕಾಫಿ, ಕೊರಳಲ್ಲಿ ಬಿಲ್ಲೆ.

ಹಬ್ಲಾ ಪಶ್ಚಿಮ ದಂಡೆಯ ಕಲ್ಕೀಲ್ಯ ಪಟ್ಟಣದ ಪಕ್ಕದ ಊರು. ಊರಿನ ಆಚೆ ಬೇಲಿ, ಬೇಲಿಯ ಆಚೆ ಊರಿನವರದೇ ಹೊಲ, ತೋಟ, ನರ್ಸರಿಗಳು. ಬೇಲಿಗೂ 1949ರ ಗಡಿರೇಖೆಗೂ ನಡುವೆ ಸಿಕ್ಕಿಕೊಂಡ ನೆಲ ಅದು. 2003ರಲ್ಲಿ ಸೈನ್ಯ ಅದನ್ನು ನಿರ್ಬಂಧಿತ ಪ್ರದೇಶ ಎಂದು ಘೋಷಿಸಿತು. ತನ್ನ ತೋಟಕ್ಕೆ ತಾನು ಹೋಗಲು ರೈತ ಪರ್ಮಿಟ್ ತೆಗೆದುಕೊಳ್ಳಬೇಕು. ಹಬ್ಲಾ ಗೇಟು ಆಗ ದಿನಕ್ಕೆ ಮೂರು ಸಲ ತೆರೆಯುತ್ತಿತ್ತು. ವಾರಕ್ಕೆ ಎರಡೇ ದಿನ ತೆರೆಯುವ ಗೇಟುಗಳಿವೆ, ಕೊಯ್ಲಿನ ಕಾಲದಲ್ಲಿ ಮಾತ್ರ ತೆರೆಯುವವೂ ಇವೆ.

ಫಲಕದಲ್ಲಿ ಮೂರು ಭಾಷೆಯಲ್ಲಿ ಸಮಯ ಬರೆದಿತ್ತು. ಆ ಸಮಯ ಆಯಿತು. ಗೇಟು ತೆರೆಯಲಿಲ್ಲ. ನಾವಿದ್ದದ್ದು ಹೊಲದ ಕಡೆ; ಬೇಲಿಯ ಆಚೆ, ಊರಿನ ಕಡೆ, ಸೈಕಲ್ಲು, ಕುದುರೆ ಗಾಡಿ, ಟ್ರ್ಯಾಕ್ಟರು, ನಿಂತ ಜನ. ಗೆಳತಿ ನೋಟ್‌ಬುಕ್ ತೆಗೆದರು. ಹತ್ತು ನಿಮಿಷಕ್ಕೆ ಫೋನು ಮಾಡಿದರು. ಇಪ್ಪತ್ತು ನಿಮಿಷ ತಡವಾಗಿ ಸೈನ್ಯದ ಜೀಪು ಬಂತು. ಬೀಗ ತೆಗೆದು ಹಳದಿ ಗೇಟು ತಳ್ಳಿದರು. ಐದೈದು ಜನರ ಗುಂಪು ತಪಾಸಣೆ ಕೋಣೆಯೊಳಗೆ ಹೋಗುತ್ತದೆ,ಬರುತ್ತದೆ. ಆಮೇಲೆ ಬೆದೂಯಿನ್ ಎಂಬ ಅರಬ್ ಬುಡಕಟ್ಟಿನ ಮಕ್ಕಳ ಶಾಲಾ ಬಸ್ಸು. ಆ ಮಕ್ಕಳ ಮನೆ ಬೇಲಿಯ ಈಚೆ, ಶಾಲೆ ಆಚೆ. ಕಿಟಕಿಯಿಂದ ಮಕ್ಕಳು ಗೆಳತಿಗೆ ಕೈ ಬೀಸಿದರು.

ಇಪ್ಪತ್ತು ನಿಮಿಷ ಏನು ಮಹಾ ಎಂದು ನಮಗೆ ಅನ್ನಿಸಬಹುದು. ಕುದುರೆ ಗಾಡಿಯವರು ವಿವರಿಸಿದರು. ನಡು ಹಗಲಿನ ಗೇಟಿಗೆ ವಾಪಸ್ ಹೋಗಲೇಬೇಕು, ಸಂಜೆ ಬೇರೆ ಕೂಲಿ ಕೆಲಸ ಇದೆ. ಬೆಳಿಗ್ಗೆ ತಡವಾದಷ್ಟೂ ಹೊಲದ ಕೆಲಸ ಕಡಿಮೆ. ಕೊಯ್ಲು ಕೈತಪ್ಪಿದರೆ ಕಾಯಿ ಉದುರುತ್ತದೆ. ಮಗನಿಗೆ ಈ ವರ್ಷ ಪರ್ಮಿಟ್ ಸಿಕ್ಕಿಲ್ಲ. ಅವರೂ ಹೆಂಡತಿಯೂ ಇಬ್ಬರೇ.

ಗೇಟಿನ ಹತ್ತಿರ ನಿಂತಿದ್ದ ಸೈನಿಕನಿಗೆ ಹತ್ತೊಂಬತ್ತಿರಬಹುದು. ಎಲ್ಲಿಂದ ಬಂದಿರಿ ಎಂದು ಕೇಳಿದ. ಕರ್ನಾಟಕ ಅಂದೆ. ಅವನ ಮುಖ ಅರಳಿತು. ಸೈನ್ಯದ ಸೇವೆ ಮುಗಿದ ಮೇಲೆ ಹಂಪಿಗೆ, ಗೋಕರ್ಣಕ್ಕೆ ಹೋಗಬೇಕಂತೆ. ಅಣ್ಣ ಹೋಗಿ ಬಂದಿದ್ದಾನಂತೆ. ಹಂಪಿಯಲ್ಲಿ ಯಾವ ತಿಂಗಳು ಒಳ್ಳೇದು ಎಂದು ವಿಚಾರಿಸಿದ. ಡಿಸೆಂಬರ್ ಅಂದೆ. ಒಳ್ಳೆಯ ಹುಡುಗ, ಮಾತಿನಲ್ಲಿ ಒರಟಿಲ್ಲ. ಅವನ ಕೈಯಲ್ಲಿ ರೈತರ ಕಾರ್ಡುಗಳಿದ್ದವು. ಅವರು ನಿಂತು ನಮ್ಮ ಮಾತು ಮುಗಿಯಲಿ ಎಂದು ಕಾಯುತ್ತಿದ್ದರು. ನಾನು ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದೆ.

ಒಂದು ನರ್ಸರಿಯಲ್ಲಿ ನಮಗೆ ಕಾಫಿ ಕೊಟ್ಟರು. ನಿಂಬೆ, ಅಂಜೂರ, ದಾಳಿಂಬೆ ಸಸಿಗಳ ಸಾಲು. ಆಮೇಲೆ ಕುದುರೆ ಗಾಡಿಯವರ ಆಲಿವ್ ಮರಗಳ ಹತ್ತಿರ ಹೋದೆವು. ನೆಲಕ್ಕೆ ಹಸಿರು ತಾಡಪಾಲು ಹಾಸಿ, ಕೊಂಬೆಯನ್ನು ಬೆರಳಲ್ಲಿ ಹಿಂಡಿದ ಹಾಗೆ ಎಳೆದರೆ ಕಾಯಿ ಪಟಪಟ ಉದುರುತ್ತದೆ. ಕೈಗೆ ಎಣ್ಣೆ ಜಿಡ್ಡು, ಉಗುರಿನಲ್ಲಿ ಕಹಿ ವಾಸನೆ. ಅವರ ಹೆಂಡತಿ ಏಣಿಯ ಮೇಲಿಂದ ನನಗೆ ಕೊಂಬೆ ಬಗ್ಗಿಸಿ ಕೊಡುತ್ತಿದ್ದರು. ಹತ್ತು ಗಂಟೆಗೆ ರೊಟ್ಟಿ, ಎಣ್ಣೆ, ಜಾತರ್, ಟೊಮೆಟೊ. ಊಟದ ನಡುವೆಯೂ ಅವರು ಎರಡು ಸಲ ಸಮಯ ನೋಡಿದರು.

ನಡು ಹಗಲಿನ ಗೇಟಿಗೆ ಎರಡು ಚೀಲ ತುಂಬಿತ್ತು. ಅರ್ಧ ಮರ ಉಳಿದಿತ್ತು.

ಆಮೇಲೆ

ಹೋಗುವವರು ಚೆಕ್‌ಪಾಯಿಂಟಿನಲ್ಲಿ ಸೈನಿಕರ ಫೋಟೋ ತೆಗೆಯಬೇಡಿ. ನಿಮಗೇನೂ ಆಗದಿರಬಹುದು, ಹಿಂದಿದ್ದವರ ಸಾಲು ನಿಲ್ಲುತ್ತದೆ. ಸಮಯ ಜಾಸ್ತಿ ಇಟ್ಟುಕೊಂಡೇ ಹೊರಡಿ. ಆದರೆ ಈ ಮಾತೆಲ್ಲ ನಾನು ಕಂಡ ವರ್ಷಕ್ಕೆ ಸರಿ.

2023ರ ಅಕ್ಟೋಬರ್ 7ರಂದು ಗಾಜಾದ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದಿತು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸಾವಿರ ಸಾವಿರ ಜನ ಸತ್ತರು. ಪಶ್ಚಿಮ ದಂಡೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೆಲಸಗಾರರ ಪರ್ಮಿಟ್ ನಿಂತುಹೋಯಿತು. ಆ ಕೊಯ್ಲಿನಲ್ಲಿ ಬೇಲಿಯ ಗೇಟುಗಳು ಬಹುತೇಕ ತೆರೆಯಲೇ ಇಲ್ಲ, ಕಾಯಿ ಮರದಲ್ಲೇ ಉಳಿಯಿತು. ವಿಶ್ವಸಂಸ್ಥೆಯವರು 2025ರ ಆರಂಭದಲ್ಲಿ ಎಣಿಸಿದಾಗ ಪಶ್ಚಿಮ ದಂಡೆಯಲ್ಲಿ ಓಡಾಟಕ್ಕೆ ಅಡ್ಡ ಹಾಕಿದ ಗೇಟು, ದಿಬ್ಬ, ಚೆಕ್‌ಪಾಯಿಂಟುಗಳು 849 ಇದ್ದವು.

ಅಜ್ಜಿ ಈಗಿಲ್ಲ. ಗೆಳತಿ ಮಾತ್ರ ಹೋಗುವುದನ್ನು ಬಿಟ್ಟಿಲ್ಲವಂತೆ. ಗೇಟು ತೆರೆಯದ ದಿನ ತೆರೆಯಲಿಲ್ಲ ಎಂದೇ ಸಮಯ ಹಾಕಿ ಬರೆಯುತ್ತಾರಂತೆ.

ತಂಗಿ ಈಗ ಬೇರೆ ಮನೆಯಲ್ಲಿದ್ದಾಳೆ. ಪ್ಯಾಲೆಸ್ತೀನಿಯರ ಜಾಗಕ್ಕೆ 2024ರಲ್ಲಿ ಹರಿಯಾಣ, ಉತ್ತರ ಪ್ರದೇಶದ ಕಡೆಯಿಂದ ಕಟ್ಟಡ ಕೆಲಸದವರನ್ನು ಕರೆಸಿಕೊಂಡರಲ್ಲ, ಅವಳ ಬೀದಿಯಲ್ಲೂ ಅವರಿದ್ದಾರೆ. "ಅಕ್ಕಾ, ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿನ ಕಟ್ಟಡದಿಂದ ಹಿಂದಿ ಕೇಳಿಸ್ತದೆ" ಎಂದಳು ಮೊನ್ನೆ. ಟೈಲ್ಸ್ ಕೆಲಸದವರಂತೆ, ಗಾರೆಯವರಂತೆ. ನಮ್ಮ ಹುಡುಗರೂ ಹೊಟ್ಟೆಪಾಡಿಗೇ ಹೋದವರು, ಅವರನ್ನು ಏನೂ ಅನ್ನುವಂತಿಲ್ಲ. ಆದರೆ ಆ ಕೆಲಸ ಯಾರದಾಗಿತ್ತು ಎಂದು ನನಗೆ ಗೊತ್ತು. ತಿರುಗುವ ಗೇಟಿನಲ್ಲಿ ನನ್ನ ಬ್ಯಾಗು ಎತ್ತಿ ಹಿಡಿದ ಹುಡುಗನೂ ಅಂಥ ಕೆಲಸಕ್ಕೇ ಹೋಗುತ್ತಿದ್ದ.